ಕತ್ತರಿಸಿದ ಸಾಲು

"ಇದು ನಕಲಲ್ಲ, ಅಸಲು!" ವಿನಿಫ್ರೆಡ್ ಆಸ್ಕ್ಯೂ ಕುರ್ಚಿಯಿಂದ ಎದ್ದ ರಭಸಕ್ಕೆ ಮೇಜಿನ ಮೇಲಿದ್ದ ಚೀಟಿಗಳು ದಿಕ್ಕಾಪಾಲಾದವು.

ಆ ಇಂಗ್ಲಿಷ್ ನಿಘಂಟು ಕಚೇರಿಯಲ್ಲಿ ಮೂರು ವರ್ಷದಿಂದ 'ರನ್' ಎಂಬ ಒಂದೇ ಕ್ರಿಯಾಪದ ಎಲ್ಲರ ಪ್ರಾಣ ಹಿಂಡುತ್ತಿತ್ತು. ಕಾಲಿದ್ದವರು ಓಡುವುದಕ್ಕೆ ಆ ಪದ, ಸರಿ. ಹೊಳೆ ಹರಿಯುವುದಕ್ಕೂ ಅದೇ, ಮೂಗು ಸೋರುವುದಕ್ಕೂ ಅದೇ, ಅಂಗಡಿ ನಡೆಸುವುದಕ್ಕೂ, ಬಟ್ಟೆ ಬಣ್ಣ ಬಿಡುವುದಕ್ಕೂ, ಕಳ್ಳಮಾಲು ಸಾಗಿಸುವುದಕ್ಕೂ ಅದೇ! ಒಂದೊಂದು ಅರ್ಥವೂ ಮೊದಲು ಯಾವ ವರ್ಷ ಬರವಣಿಗೆಗೆ ಬಂತೆಂದು ಹುಡುಕಿ, ಚೀಟಿ ಬರೆದು ಕಳಿಸುವ ಓದುಗರು ಇಂಗ್ಲೆಂಡಿನ ತುಂಬ ಇದ್ದರು. ಅಂತೂ ಐನೂರು ಚಿಲ್ಲರೆ ಅರ್ಥಗಳು ಮುಗಿದು, ಇವತ್ತು ಸಂಜೆ ಐದಕ್ಕೆ ಕೊನೆಯ ಕರಡು ಅಚ್ಚುಕೂಟಕ್ಕೆ ಹೊರಡಬೇಕಿತ್ತು. ಅಷ್ಟರಲ್ಲಿ ಬೆಳಗಿನ ಟಪಾಲಿನಲ್ಲಿ ಆಶ್ಕೋಂಬ್ ಹಳ್ಳಿಯ ಮಿಸೆಸ್ ಗಾರ್ತ್ ಕಳಿಸಿದ ಚೀಟಿ ಬಂತು.

ಮಿಸೆಸ್ ಗಾರ್ತ್ ಹತ್ತೊಂಬತ್ತು ವರ್ಷದಿಂದ ಚೀಟಿ ಕಳಿಸುತ್ತಿದ್ದ ಮುದುಕಿ. ಒಂದೂ ಅಚ್ಚಾಗಿರಲಿಲ್ಲ. ಈ ಸಲ ಚೀಟಿಯ ಮೇಲೆ ಹಳದಿಗಟ್ಟಿದ ಕಾಗದದ ತುಂಡೊಂದು ಅಂಟಿಕೊಂಡಿತ್ತು. 'ಗೋಪುರದ ಗಡಿಯಾರ ಮೂರು ವಾರದಿಂದ ಓಡುತ್ತಿಲ್ಲ.' ಯಂತ್ರ ಓಡುವ ಅರ್ಥ! ಕರಡಿನಲ್ಲಿದ್ದ ಪ್ರಯೋಗಕ್ಕಿಂತ ಇದು ಬಹಳ ಹಿಂದಿನದೆಂದು ಕೈಬರಹವೇ ಹೇಳುತ್ತಿತ್ತು. ವರ್ಷ ಮಾತ್ರ ಇರಲಿಲ್ಲ.

"ವರ್ಷ ಇಲ್ಲದ ಚೀಟಿ ಬುಟ್ಟಿಗೆ, ಮಿಸ್ ಆಸ್ಕ್ಯೂ," ಎಂದರು ಸಂಪಾದಕ ಡಾಕ್ಟರ್ ಪ್ರೌಸ್. "ಯಾರು ಹೋಗಿ ನೋಡಿದ್ರೂ ಅದೇ ಪುಸ್ತಕದ ಅದೇ ಪುಟದಲ್ಲಿ ಆ ಸಾಲು ಇರ್ಬೇಕು. ಇಲ್ದಿದ್ರೆ ನನಗೆ ಬೇಡ."

"ನಾನೇ ಹೋಗಿ ನೋಡ್ಕೊಂಡು ಬರ್ತೀನಿ."

"ಐದರ ಮೇಲೆ ಒಂದು ನಿಮಿಷಾನೂ ಕಾಯಲ್ಲ."

"ನೀವು ಯಾವತ್ತು ಕಾದಿದ್ದೀರಿ, ಸಾರ್?" ಎನ್ನುತ್ತ ಅವಳು ಟೋಪಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದೇ ಬಿಟ್ಟಿದ್ದಳು.

ಆಶ್ಕೋಂಬ್ ತಲುಪಿದಾಗ ಒಂದು ಗಂಟೆ. ಮಿಸೆಸ್ ಗಾರ್ತ್ ಚರ್ಚಿನ ಗುಮಾಸ್ತನ ವಿಧವೆ. ಹಳೆಯ ಪುಸ್ತಕಗಳ ಪೆಟ್ಟಿಗೆಯ ಬೀಗದ ಕೈ ಅವಳ ಹತ್ತಿರವೇ ಇತ್ತು. ಅವಳು ಚರ್ಚಿನ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆ ತೆರೆದು, ಮದುವೆಮನೆಯ ಯಜಮಾನಿಯಂತೆ ಬೀಗುತ್ತ ನಡಾವಳಿ ಪುಸ್ತಕ ಬಿಚ್ಚಿದಳು. ಪುಟದ ನಡುವೆ ಅಚ್ಚುಕಟ್ಟಾದ ಒಂದು ಕಿಂಡಿ.

"ಅಯ್ಯೋ, ಕತ್ತರಿ ಹಾಕಿಬಿಟ್ರಾ!"

"ಮತ್ತೇನ್ ಮಾಡ್ಲಿ ಮಗಳೇ? ಒಂದಕ್ಷರಾನೂ ಬದಲಾಯಿಸದೆ ಕಳಿಸಿ ಅಂತ ನೀವೇ ತಾನೆ ಅಚ್ಚು ಹಾಕಿಸಿ ಕಳಿಸಿದ್ದು? ನನ್ನ ಕೈ ನಡುಗುತ್ತೆ. ಬರೆದ್ರೆ ಎರಡಕ್ಷರ ಹೆಚ್ಚುಕಮ್ಮಿ ಆಗುತ್ತೆ. ಹತ್ತೊಂಬತ್ತು ವರ್ಷ ಅದಕ್ಕೇ ನೀವು ತಗೊಳ್ಳಲಿಲ್ಲ ಅಂದ್ಕೊಂಡೆ."

ವಿನಿಫ್ರೆಡ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣು ಪುಟದ ತಲೆಗೆ ಹೋಯಿತು. ಸಾವಿರದ ಐನೂರ ಎಂಬತ್ತೆರಡು! ಕರಡಿನಲ್ಲಿದ್ದದ್ದಕ್ಕಿಂತ ನೂರ ಹತ್ತೊಂಬತ್ತು ವರ್ಷ ಹಿಂದೆ! ಅವಳು ಮುದುಕಿಯ ಎರಡೂ ಭುಜ ಹಿಡಿದು ಕುಲುಕಿದಳು. ಮರುಕ್ಷಣವೇ ಡಾಕ್ಟರ್ ಪ್ರೌಸ್ ಅವರ ಮುಖ ನೆನಪಾಯಿತು. ಸಾಲಿರುವ ಪುಟ ಬೇಕು, ಕಿಂಡಿಯಿರುವ ಪುಟವಲ್ಲ.

"ಕೆಟಲ್ ಇದೆಯಾ? ಬೇಗ!"

"ಟೀ ಕುಡಿಯೋ ಹೊತ್ತಾ ಇದು?"

"ಟೀಗಲ್ಲ ಮಿಸೆಸ್ ಗಾರ್ತ್, ಹಬೆಗೆ!"

ಹಬೆ ಹಿಡಿದು ತುಂಡನ್ನು ಚೀಟಿಯಿಂದ ಎಬ್ಬಿಸುವಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಹರಿಯಲಿಲ್ಲ. ಅಂಚಿಗೆ ಮೈದಾ ಅಂಟು ಸವರಿ, ತೆಳುಗಾಗದದ ಆಸರೆ ಕೊಟ್ಟು ಕೂರಿಸಿದರೆ, ತುಂಡು ಕಿಂಡಿಯಲ್ಲಿ ಕೂದಲೆಳೆಯ ಸಂದೂ ಇಲ್ಲದೆ ಕೂತಿತು. ವಿನಿಫ್ರೆಡ್ ಹೊಸ ಚೀಟಿಯಲ್ಲಿ ವರ್ಷ, ಪುಸ್ತಕ, ಪುಟ, ಸಾಲು ಎಲ್ಲ ತಾನೇ ಬರೆದು, ಕೆಳಗೆ 'ಹುಡುಕಿದವರು: ಕೆಜಾಯಾ ಗಾರ್ತ್' ಎಂದು ಸೇರಿಸಿದಳು. ಮುದುಕಿ ಅದನ್ನು ಎರಡೆರಡು ಸಲ ಓದಿದಳು.

"ಬನ್ನಿ, ಪಾದ್ರಿಗಳ ಹತ್ರ ಇಬ್ಬರೂ ಹೋಗಿ ಹೇಳೋಣ," ಎಂದಳು ವಿನಿಫ್ರೆಡ್.

"ಕತ್ತರಿಸಿದವಳು ನಾನು, ನಾನೇ ಹೇಳ್ತೀನಿ. ನಿನ್ನ ರೈಲು ಬಂತು, ನಡೀ!"

ಐದಕ್ಕೆ ಎರಡು ನಿಮಿಷವಿರುವಾಗ ವಿನಿಫ್ರೆಡ್ ಏದುಸಿರು ಬಿಡುತ್ತ ಚೀಟಿಯನ್ನು ಮೇಜಿನ ಮೇಲಿಟ್ಟಳು. ಕತ್ತರಿಯ ಕಥೆಯನ್ನೂ ಬಿಡದೆ ಹೇಳಿದಳು. ಡಾಕ್ಟರ್ ಪ್ರೌಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಪುಟದಲ್ಲಿ ಈಗ ಸಾಲಿದೆಯಾ?"

"ಇದೆ ಸಾರ್."

ಅವರು ಕರಡಿನಲ್ಲಿದ್ದ ಪ್ರಯೋಗದ ಮೇಲೆ ಹೊಸದನ್ನು ಬರೆದರು. ಅಚ್ಚುಕೂಟದವನು ಕರಡನ್ನು ಕಂಕುಳಲ್ಲಿಟ್ಟುಕೊಂಡು ಹೋದ.

ಅದೇ ಹೊತ್ತಿಗೆ ಆಶ್ಕೋಂಬಿನಲ್ಲಿ ಪಾದ್ರಿಗಳು ಸಂಜೆಯ ಪ್ರಾರ್ಥನೆಗೆಂದು ಕಲ್ಲುಹಾದಿ ಹತ್ತಿ ಬಂದರು. ಮಿಸೆಸ್ ಗಾರ್ತ್ ಬಾಗಿಲೆದುರಿನ ಬೆಂಚಿನ ಮೇಲೆ ಕೂತಿದ್ದಳು. ಯಾವಾಗಲೂ ಎದ್ದು ನಿಂತು ನಮಸ್ಕರಿಸುವವಳು ಇವತ್ತು ಏಳಲಿಲ್ಲ. ತೊಡೆಯ ಮೇಲೆ ಪುಸ್ತಕ ತೆರೆದಿತ್ತು. ಅಂಟು ಇನ್ನೂ ಹಸಿಯಿತ್ತು. ಅವಳು ಎರಡೂ ಅಂಗೈಗಳಿಂದ ಪುಟವನ್ನು ಒತ್ತಿ ಹಿಡಿದಿದ್ದಳು.