ಅತ್ತೆಯ ಸ್ನಾನ, ಮನೆಮಂದಿಗೆಲ್ಲ ತಲೆನೋವು

ಅತ್ತೆ ಬಂದು ಮೂರು ವಾರವಾಗಿತ್ತು. ಬೀಗದವನಿಗೆ ತಲೆನೋವು ಶುರುವಾಗಿಯೂ ಮೂರು ವಾರವೇ ಆಗಿತ್ತು. ಇದರಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವಂಥದ್ದೇನೂ ಅವನಿಗೆ ಕಾಣಲಿಲ್ಲ.

ಬೀಗ ರಿಪೇರಿ ಮಾಡುವ, ಡೂಪ್ಲಿಕೇಟ್ ಕೀ ಮಾಡಿಕೊಡುವ ಪುಟ್ಟ ಅಂಗಡಿ ಅವನದು. ಬೆಳಿಗ್ಗೆ ತಿಂಡಿ ಮುಗಿಸುವ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಅಂಗಡಿಯ ಶಟರ್ ಎತ್ತಿ ಒಂದು ಗಂಟೆ ಕಳೆಯಿತೋ, ಎಲ್ಲ ಮಾಯ. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಎರಡು ಕೋಣೆಯ ಆ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಜಾಗ ಸಿಕ್ಕಿದ್ದು ಬಚ್ಚಲುಮನೆಯ ಬಾಗಿಲ ಪಕ್ಕದಲ್ಲಿ. ಅವಳಿಗೂ ತಲೆಸುತ್ತು. ಮೊನ್ನೆ ಒಂದು ಶರ್ಟಿಗೆ ಎರಡೂ ಎಡಗಡೆಯ ತೋಳುಗಳನ್ನೇ ಹೊಲಿದಿದ್ದಳು.

"ಅಂಗಡಿಗೆ ಹೋದ್ರೆ ವಾಸಿ, ಮನೆಗೆ ಬಂದ್ರೆ ತಲೆನೋವು. ನನ್ನ ಮುಖ ನೋಡಿದ್ರೆ ಹಾಗಾಗುತ್ತಾ ನಿಮಗೆ?"

"ನಿನ್ನ ಮುಖ ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ ಕಣೇ. ಈ ಮನೆಗೆ ಹೊಸದಾಗಿ ಬಂದಿರೋ ಮುಖ ಯಾವುದು ಅಂತ ಯೋಚನೆ ಮಾಡು."

ಆ ಹೊಸ ಮುಖ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಿಯಾಗಿತ್ತು. ಆಕೆಯ ಸ್ನಾನವೆಂದರೆ ನಲವತ್ತು ನಿಮಿಷ. ಬಚ್ಚಲುಮನೆಯೊಳಗಿನ ಗ್ಯಾಸ್ ಗೀಸರ್ ಬುಸುಗುಟ್ಟುತ್ತಲೇ ಇರಬೇಕು, ಆಕೆ ಹಾಡುತ್ತಲೇ ಇರಬೇಕು. ಬಂದ ಎರಡನೇ ದಿನವೇ ತಕರಾರು ತೆಗೆದಿದ್ದಳು.

"ಅಳಿಯಂದ್ರೆ, ಆ ಕಿಂಡಿಯಿಂದ ಬೆನ್ನಿಗೆ ತಣ್ಣನೆ ಗಾಳಿ ಹೊಡೆಯುತ್ತೆ. ಊರೋರ ಮನೆಯೆಲ್ಲ ಭದ್ರ ಮಾಡಿಕೊಡ್ತೀರಿ, ಇದೊಂದು ಮುಚ್ಚೋಕೆ ಬರಲ್ವಾ?"

ಕಸುಬಿನ ಮಾತು ಬಂದ ಮೇಲೆ ಬಿಡುವುದುಂಟೇ? ಬೀಗದವನು ಪ್ಲೈವುಡ್ ಕೊಯ್ದು, ಹಿಂದೆ ಫೋಮ್ ತುರುಕಿ, ಸುತ್ತ ಗಮ್ ಬಳಿದು, ಇರುವೆಯೂ ನುಸುಳದಂತೆ ಕಿಂಡಿ ಮುಚ್ಚಿದ್ದ. ಸ್ನಾನ ಮುಗಿಸಿ ಬಂದ ಅತ್ತೆಗೂ ತಲೆ ಭಾರವಾಗುತ್ತಿತ್ತು, ಆಕೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದಳು.

ಆ ಭಾನುವಾರ ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿದ್ದರು, ಅತ್ತೆಯ ಸ್ನಾನ ಒಂದು ಗಂಟೆ ದಾಟಿತ್ತು. ಒಳಗೆ ಹಾಡು ಅರ್ಧಕ್ಕೇ ನಿಂತಿತು. ಹೆಂಡತಿ ಯಂತ್ರ ತುಳಿಯುವುದನ್ನು ಬಿಟ್ಟು ಕಣ್ಣು ಮುಚ್ಚಿದಳು. ಬೀಗದವನು "ಅಬ್ಬಾ" ಎಂದು ಕಾಲು ಚಾಚಿದ. ಎರಡು ನಿಮಿಷ ಮನೆ ಸ್ವರ್ಗವಾಗಿತ್ತು. ಆಮೇಲೆ ಅವನಿಗೆ ಏನೋ ಕಸಿವಿಸಿಯಾಯಿತು.

"ಅತ್ತೇ?"

ನೀರು ಬೀಳುವ ಸದ್ದು ಮಾತ್ರ. ಒಳಗಿನಿಂದ ಚಿಲಕ. ಎಂಥ ಬೀಗವನ್ನಾದರೂ ತೆಗೆಯುವವನು ಕೀ ಗೊಂಚಲನ್ನು ಅತ್ತ ಎಸೆದು ಒದ್ದ. ಮೂರನೇ ಒದೆತಕ್ಕೆ ಬಾಗಿಲು ಕಿತ್ತುಬಂತು. ಅತ್ತೆಯ ಮಾನ ಕಾಯಲು ಕಣ್ಣು ಮುಚ್ಚಿಕೊಂಡು ನುಗ್ಗಿದವನು ಬಕೆಟ್ ಮೇಲೆ ಬಿದ್ದು ಅದನ್ನು ಒಡೆದ. ಹೆಂಡತಿ ಗೀಸರ್ ಆರಿಸಿ, ಅಮ್ಮನಿಗೆ ಬೆಡ್‌ಶೀಟ್ ಸುತ್ತಿದಳು. ಇಬ್ಬರೂ ಸೇರಿ ಆಕೆಯನ್ನು ಮೆಟ್ಟಿಲ ಬಳಿಯ ಗಾಳಿಗೆ ಎಳೆದು ತಂದರು. ಆಂಬುಲೆನ್ಸ್ ಬರುವಷ್ಟರಲ್ಲಿ ಆಕೆ ಒಮ್ಮೆ ವಾಂತಿ ಮಾಡಿ, ಒಮ್ಮೆ ನರಳಿದಳು.

ಆಸ್ಪತ್ರೆಯಲ್ಲಿ ಅತ್ತೆಗೆ ಆಕ್ಸಿಜನ್ ಮಾಸ್ಕ್ ಹಾಕಿ ಡಾಕ್ಟರಮ್ಮ ಕೇಳಿದರು. "ಮನೇಲಿ ಬೇರೆ ಯಾರಿಗಾದ್ರೂ ತಲೆನೋವು ಇತ್ತಾ?"

ಇಬ್ಬರೂ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದರು. "ಮೂರು ವಾರದಿಂದ," ಎಂದಳು ಹೆಂಡತಿ.

"ಬಚ್ಚಲುಮನೇಲಿ ವೆಂಟಿಲೇಟರ್ ಇದೆಯಾ?"

"ಅದು ಆಸ್ಪತ್ರೇಲಿ ತಾನೇ ಇರೋದು ಡಾಕ್ಟ್ರೇ?" ಎಂದ ಬೀಗದವನು.

"ಗೋಡೇಲಿ ಗಾಳಿಯಾಡೋ ಕಿಂಡಿ ರೀ!"

"ಓ, ಅದಾ? ಮುಚ್ಚಿದ್ದೀನಿ. ಭದ್ರವಾಗಿ ಮುಚ್ಚಿದ್ದೀನಿ."

ಡಾಕ್ಟರಮ್ಮ ಹಣೆ ಒತ್ತಿಕೊಂಡರು. "ಗ್ಯಾಸ್ ಉರಿಯೋಕೂ ಗಾಳಿ ಬೇಕು. ಸಾಲದೇ ಹೋದ್ರೆ ವಿಷದ ಗಾಳಿ ಬರುತ್ತೆ, ಕಾರ್ಬನ್ ಮೊನಾಕ್ಸೈಡ್ ಅಂತ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಕ್ಸಿಜನ್ನಿಗೆ ಜಾಗಾನೇ ಬಿಡಲ್ಲ. ಮೂರು ವಾರದಿಂದ ಅದನ್ನೇ ಕುಡೀತಿದ್ದೀರಿ. ಇವತ್ತು ಇನ್ನೈದು ನಿಮಿಷ ತಡ ಆಗಿದ್ರೆ ಇವರು ಉಳೀತಿರಲಿಲ್ಲ."

ಹೊರಗಿನ ಬೆಂಚಿನ ಮೇಲೆ ಬೀಗದವನು ತನ್ನ ಅಂಗೈಗಳನ್ನೇ ನೋಡುತ್ತಾ ಕುಳಿತ. ಕಿಂಡಿ ಮುಚ್ಚಿದ ಕೈಗಳು.

"ಹಾಡು ನಿಂತಾಗ ನಂಗೆ ಖುಷಿಯಾಯ್ತು ಕಣೇ," ಎಂದ.

"ನಂಗೂ," ಎಂದಳು ಹೆಂಡತಿ, ಮೂಗು ಒರೆಸಿಕೊಳ್ಳುತ್ತಾ. "ಅವಳು ನನ್ನಮ್ಮ ರೀ."

ಸಂಜೆ ಅತ್ತೆಗೆ ಪೂರ್ತಿ ಎಚ್ಚರವಾಯಿತು. ಅಳಿಯ ತಲೆ ತಗ್ಗಿಸಿ ನಿಂತ. "ಕಿಂಡಿ ಮುಚ್ಚಿದ್ದು ನಾನು ಅತ್ತೆ. ತಪ್ಪಾಯ್ತು."

"ಮುಚ್ಚಿ ಅಂದಿದ್ದು ನಾನು ತಾನೇ?" ಆಕೆ ಮಾಸ್ಕ್ ಸರಿಸಿ ಅವನನ್ನು ದುರುಗುಟ್ಟಿ ನೋಡಿದಳು. "ಆದ್ರೂ ಅಳಿಯಂದ್ರೆ, ಇಷ್ಟು ವರ್ಷದಲ್ಲಿ ನೀವು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇದೊಂದೇ. ಇದನ್ನೇ ಮಾಡಬೇಕಿತ್ತಾ?"

ಗೀಸರ್ ಹೊರಗಿನ ಬಾಲ್ಕನಿಗೆ ಹೋಯಿತು, ಕಿಂಡಿ ತೆರೆಯಿತು, ತಲೆನೋವು ಬಿಟ್ಟಿತು. ಗಂಡ ಹೆಂಡತಿ ಈಗ ಜಗಳಕ್ಕೆ ಬೇರೆ ಕಾರಣ ಹುಡುಕಿಕೊಳ್ಳಬೇಕಾಯಿತು. ಅತ್ತೆ ಮಾತ್ರ ಸುಮ್ಮನೆ ಕೂರಲಿಲ್ಲ. ಅಳಿಯನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಕಟ್ಟಡದ ಎಂಟೂ ಮನೆಗಳ ಬಾಗಿಲು ಬಡಿದಳು. ಇನ್ನೂ ಎರಡು ಕಡೆ ಕಿಂಡಿಗೆ ರಟ್ಟು ಬಡಿದಿದ್ದರು.

ಕೆಳಗಿನ ಮನೆಯ ಯಜಮಾನರು ಬಾಗಿಲಿಗೆ ಅಡ್ಡ ನಿಂತರು. "ತೆಗೆದ್ರೆ ಚಳಿಯಾಗುತ್ತಮ್ಮ."

"ಚಳಿಯಾದ್ರೆ ಸ್ವೆಟರ್ ಹಾಕ್ಕೊಂಡು ಸ್ನಾನ ಮಾಡಿ," ಎಂದು ಅತ್ತೆ ಅವರನ್ನು ಪಕ್ಕಕ್ಕೆ ಸರಿಸಿ, ಅಳಿಯನಿಗೆ ಒಳಗೆ ಬರುವಂತೆ ಸನ್ನೆ ಮಾಡಿದಳು.