ಎಡಕ್ಕೆ ತಿರುಗಿದವಳು

೧

ಎಲ್ಲಿಂದ ಶುರು ಮಾಡಲಿ? ಲೀಡರ್ ಕೋಲಿನಿಂದ ಶುರು ಮಾಡಿದರೆ ಇದು ನನ್ನ ತಂಗಿಯ ಕಥೆಯಾಗಿಬಿಡುತ್ತದೆ. ಡ್ರಮ್ಮಿನಿಂದ ಶುರು ಮಾಡಿದರೆ ನನ್ನದಾಗುತ್ತದೆ. ಆದ್ದರಿಂದ ಡ್ರಮ್ಮಿನಿಂದಲೇ. ಬರೆಯುತ್ತಿರುವವಳು ನಾನು, ಅಷ್ಟೂ ಅಧಿಕಾರವಿಲ್ಲದಿದ್ದರೆ ಬರೆದು ಏನು ಸುಖ.

ಹೈಸ್ಕೂಲಿನ ಬ್ಯಾಂಡಿನಲ್ಲಿ ನಾನು ಮೂರು ವರ್ಷ ಸೈಡ್ ಡ್ರಮ್ ಬಾರಿಸಿದೆ. ಅದರ ಪಟ್ಟಿ ಬಲಭುಜದಿಂದ ಇಳಿಬಿದ್ದಿರುತ್ತದೆ, ನಡೆಯುವಾಗ ಡ್ರಮ್ಮಿನ ಅಂಚು ಎಡತೊಡೆಗೆ ಬಡಿಯುತ್ತದೆ. ಹೆಜ್ಜೆಗೊಂದು ಏಟು. ಮೂರು ವರ್ಷವೂ ಆ ಜಾಗದಲ್ಲಿ ಅಂಗೈಯಗಲದ ನೀಲಿ ಗುರುತು ಮಾಯಲಿಲ್ಲ. ನಾನು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಹಳೆಯ ಲೀಡರ್ ಶಾಲೆ ಮುಗಿಸಿ ಹೋಗಿದ್ದಳು. ಮುಂದಿನವಳು ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನನಗಂತೂ ಇರಲೇ ಇಲ್ಲ. ಬಚ್ಚಲುಮನೆಯ ಕನ್ನಡಿಯೆದುರು ಗಲ್ಲ ಎತ್ತಿ ನಿಲ್ಲುವುದನ್ನು ಆಗಲೇ ರೂಢಿಸಿಕೊಂಡಿದ್ದೆ.

ತಂಗಿ ಎಂಟನೇ ತರಗತಿ. ಬ್ಯಾಂಡಿಗೆ ಆಗಷ್ಟೇ ಸೇರಿದ್ದಳು. ಕೊನೆಯ ಸಾಲಿನಲ್ಲಿ ನಿಂತು ಸಿಂಬಲ್ಸ್ ಬಡಿಯುತ್ತಿದ್ದಳು. (ಎರಡು ಹಿತ್ತಾಳೆ ತಟ್ಟೆ. ಯಾರು ಬೇಕಾದರೂ ಬಡಿಯಬಹುದು. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೇಳುತ್ತಿದ್ದೇನೆ.)

೨

ಬ್ಯಾಂಡ್ ಮೇಷ್ಟ್ರು ಹಿಂದೆ ಸೈನ್ಯದ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವರು. ಮಾತು ಕಡಿಮೆ, ಮೀಸೆ ಜಾಸ್ತಿ. ಆಯ್ಕೆಗೆ ಅವರು ಇಟ್ಟ ಪರೀಕ್ಷೆ ಸುಲಭದ್ದು: ಕೋಲು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ನಡೆಯಬೇಕು, ಹಿಂದೆ ಮೂವತ್ತೆರಡು ಮಂದಿಯ ಬ್ಯಾಂಡ್ ಬರುತ್ತದೆ. ಕೋಲು ಎದೆಯೆತ್ತರದ್ದು, ತುದಿಯಲ್ಲಿ ಬೆಳ್ಳಿ ಬಣ್ಣದ ಗುಂಡು. ನೋಡಿದಷ್ಟು ಹಗುರವಲ್ಲ.

ನಾನು ನಡೆದೆ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಇನ್ನಿಬ್ಬರು ನಡೆದರು, ಅವರಲ್ಲೊಬ್ಬ ಕೋಲು ಬೀಳಿಸಿದ. "ಇನ್ಯಾರಾದ್ರೂ ಇದ್ದೀರಾ?" ಎಂದು ಮೇಷ್ಟ್ರು ಸುಮ್ಮನೆ ಲೋಕಾರೂಢಿಗೆ ಕೇಳಿದರು. ಕೊನೆಯ ಸಾಲಿನಲ್ಲಿ ಒಂದು ಕೈ ಎದ್ದಿತು.

"ನಂಗೆ ಒಂದ್ಮಾತು ಹೇಳ್ಬಾರದಿತ್ತೇನೇ?" ಎಂದು ಆ ಸಂಜೆ ಕೇಳಿದೆ.

"ನಂಗೂ ಗೊತ್ತಿರ್ಲಿಲ್ಲ ಅಕ್ಕಾ. ಕೈ ತಾನಾಗೇ ಎದ್ದುಬಿಡ್ತು."

ಅವಳು ನಡೆದಾಗ ಕೋಲು ಸ್ವಲ್ಪ ಓಲಾಡಿತು, ಹೆಜ್ಜೆ ಎರಡು ಕಡೆ ತಪ್ಪಿತು. ಆದರೂ ಮೇಷ್ಟ್ರು ಕೋಲನ್ನು ಅವಳ ಕೈಗೇ ಕೊಟ್ಟರು. ನಾನು ಅವರ ಕೋಣೆಯ ಬಾಗಿಲಲ್ಲಿ ಹೋಗಿ ನಿಂತೆ. ಅವರು ಟ್ರಂಪೆಟ್ಟಿನ ಮೂತಿ ಒರೆಸುತ್ತಿದ್ದರು.

"ನಿನ್ನ ಹೆಜ್ಜೆ ಚೆನ್ನಾಗಿದೆಯಮ್ಮ," ಎಂದರು. "ಆದ್ರೆ ಎಂಟು ಸಲ ಹಿಂದೆ ತಿರುಗಿ ನೋಡ್ದೆ."

"ಎಲ್ಲರೂ ಬರ್ತಿದಾರಾ ಅಂತ ನೋಡ್ದೆ ಸರ್."

"ಗೊತ್ತು. ಅವಳು ನೋಡ್ಲಿಲ್ಲ." ಆಮೇಲೆ ಸಮಾಧಾನ ಮಾಡಲು ಹೋಗಿ ಒಂದು ಮಾತು ಸೇರಿಸಿದರು. ಅದನ್ನು ಅವರು ಹೇಳಬಾರದಿತ್ತು. "ನೀನು ಮುಂದಿನ ಸಾಲಲ್ಲಿ, ಅವಳ ಬೆನ್ನಿಗೇ ಇರು. ಹಿಂದಿನವರಿಗೆ ಕೋಲು ಕಾಣಲ್ಲ, ನಿನ್ನ ಡ್ರಮ್ ಕೇಳುತ್ತೆ. ಕೋಲು ಪಕ್ಕಕ್ಕೆ ವಾಲಿದ ತಕ್ಷಣ ನೀನು ಎರಡೂ ಕಡ್ಡಿ ಬಿಡದೆ ಉರುಳಿಸಿ ರೋಲ್ ಕೊಡು. ನಿನ್ನ ರೋಲ್ ಕೇಳದೆ ಯಾರೂ ತಿರುಗೋ ಹಾಗಿಲ್ಲ. ಅವಳ ಕೈಲಿ ಕೋಲು, ನಿನ್ನ ಕೈಲಿ ಬ್ಯಾಂಡು. ಅಲ್ವಾ?"

೩

ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಬರೀ ಕಾಲರ್, ದಿನಕ್ಕೆ ನಾನೂರು. ಒಂದು ಇಡೀ ಕೋಟನ್ನು ಕೈಯಾರೆ ಹೊಲಿಯುವ ಅವಕಾಶ ಅವಳಿಗೆ ಸಿಕ್ಕಿದ್ದು ಲೀಡರ್ ಕೋಟಿನಲ್ಲೇ. ಕೆಂಪು ಬಟ್ಟೆ, ಭುಜಕ್ಕೂ ತೋಳಿಗೂ ಚಿನ್ನದ ಬಣ್ಣದ ಪಟ್ಟಿ. ಅವಳಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲವಾದ್ದರಿಂದ ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ನನ್ನದು.

"ಮುಖ ಯಾಕೇ ಹಾಗೆ ಮಾಡ್ಕೊಂಡಿದೀಯ?" ಎಂದಳು ಅಮ್ಮ, ತಲೆಯೆತ್ತದೆ.

"ಹೇಗೆ?"

"ನಿನ್ನ ತಂಗೀನೇ ಕಣೇ. ಪಕ್ಕದ ಮನೆಯವಳಲ್ಲ."

(ಪಕ್ಕದ ಮನೆಯವಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ರಾತ್ರಿ ಅವಳ ಮನೆಗೆ ಅವಳು ಹೋಗುತ್ತಿದ್ದಳು.)

ತಂಗಿ ನಮ್ಮಿಬ್ಬರ ಕೋಣೆಯಲ್ಲಿ ನೆಲ ಒರೆಸುವ ಕೋಲಿನಿಂದ ಅಭ್ಯಾಸ ಮಾಡುತ್ತಿದ್ದಳು. "ಅಕ್ಕಾ, ಎಣಿಸು ಬಾ," ಎನ್ನುತ್ತಿದ್ದಳು. ನಾನು ಮಂಚದ ಅಂಚಿನ ಮೇಲೆ ತಾಳ ತಟ್ಟುತ್ತಾ ಅವಳು ಎಷ್ಟು ಸಲ ಕೋಲು ಬೀಳಿಸಿದಳು ಎಂದು ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದೆ. ಮೊದಲ ದಿನ ಇಪ್ಪತ್ತಮೂರು. ಅಂದು ನನಗೆ ಒಳ್ಳೆಯ ನಿದ್ದೆ ಬಂತು. ಆಮೇಲೆ ಹದಿನಾಲ್ಕು, ಆರು, ಎರಡು. ಎರಡನೇ ವಾರದಿಂದ ಎಣಿಸಲು ಏನೂ ಇರಲಿಲ್ಲ. ಕಲಿಸಿದವಳು ನಾನೇ ಎಂಬುದು ಇನ್ನೊಂದು ಉರಿ.

೪

ಇಲ್ಲಿ ಅವಳನ್ನು ಒಬ್ಬ ಜಂಬಗಾತಿಯನ್ನಾಗಿ ಮಾಡಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಮೊದಲ ಡ್ರಾಫ್ಟಿನಲ್ಲಿ ಹಾಗೇ ಮಾಡಿದ್ದೆ. ಪಾತ್ರ ಒಪ್ಪಲಿಲ್ಲ. ಒಪ್ಪಲಿಲ್ಲ ಎಂದರೆ ಫೋನ್ ಮಾಡಿದಳು. ತಂಗಿ ಈಗ ದೊಡ್ಡ ಆಸ್ಪತ್ರೆಯೊಂದರ ಹೆಡ್ ನರ್ಸ್. ಡ್ಯೂಟಿಯ ನಡುವಿನ ಬಿಡುವಿನಲ್ಲಿ ನನ್ನ ಡ್ರಾಫ್ಟುಗಳನ್ನು ಓದುತ್ತಾಳೆ.

"ನಾನು ಚಿಕ್ಕೋರಿಗೆ ಬೈತಿದ್ದೆ ಅಂತ ಬರ್ದಿದೀಯಲ್ಲ. ಯಾರಿಗೆ ಬೈದೆ ಹೇಳು?"

"ಕಥೆ ಕಣೇ ಅದು."

"ಇರ್ಲಿ. ಯಾರಿಗೆ?"

ಯಾರಿಗೂ ಇಲ್ಲ. ಅವಳು ಒಂದೇ ವಾರದಲ್ಲಿ ಮೂವತ್ತೆರಡು ಹೆಸರನ್ನೂ ಕಲಿತಳು. ನಾನು ಮೂರು ವರ್ಷದಲ್ಲಿ ಹನ್ನೊಂದು ಕಲಿತಿದ್ದೆ. ಕ್ಲಾರಿನೆಟ್ ನುಡಿಸುವ ಒಬ್ಬ ಪುಟ್ಟ ಹುಡುಗಿ ಹೆಜ್ಜೆ ಸಾಲದೆ ಪ್ರತಿ ಸಲ ಹಿಂದೆ ಬೀಳುತ್ತಿದ್ದಳು. ಎಲ್ಲರೂ ಅವಳನ್ನು ಬೇಗ ನಡಿ ಎಂದು ಗದರುತ್ತಿದ್ದೆವು. ತಂಗಿ ಗದರಲಿಲ್ಲ, ತನ್ನ ಹೆಜ್ಜೆಯನ್ನೇ ಒಂದು ಗೇಣು ಗಿಡ್ಡ ಮಾಡಿಕೊಂಡಳು. ಇಡೀ ಬ್ಯಾಂಡ್ ಅವಳ ಅಳತೆಗೆ ಬಂತು, ಆ ಹುಡುಗಿ ಸಾಲಿನೊಳಕ್ಕೆ ಬಂದಳು. ಮೇಷ್ಟ್ರು ಮೀಸೆಯೊಳಗೆ ನಕ್ಕರು. ಈ ಉಪಾಯ ನನಗೂ ಹೊಳೆದಿತ್ತು. (ಹೊಳೆದಿರಲಿಲ್ಲ.)

"ನಿಮ್ಮ ತಂಗಿ ಸೂಪರ್ ಅಲ್ವಾ?" ಎಂದು ಎಲ್ಲರೂ ನನ್ನ ಹತ್ತಿರವೇ ಬಂದು ಹೇಳುತ್ತಿದ್ದರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಆ ವರ್ಷ ನನ್ನ ಕುತ್ತಿಗೆ ನೋಯುತ್ತಿದ್ದದ್ದು ಡ್ರಮ್ಮಿನ ಭಾರದಿಂದಲ್ಲ.

೫

ಅಂತರಶಾಲಾ ಸ್ಪರ್ಧೆ. ದೊಡ್ಡ ಕ್ರೀಡಾಂಗಣ, ಹನ್ನೆರಡು ಶಾಲೆ, ತುಂಬಿದ ಗ್ಯಾಲರಿ. ಕಾರ್ಖಾನೆಗೆ ರಜೆ ಹಾಕಿ ಬಂದ ಅಮ್ಮ ಮೂರನೇ ಮೆಟ್ಟಿಲಲ್ಲಿ ಕೂತಿದ್ದಳು. ದಾರಿ ಎಲ್ಲರಿಗೂ ಗೊತ್ತಿದ್ದದ್ದೇ: ನೇರ ಹೋಗಿ, ಎರಡನೇ ಬಾವುಟದ ಹತ್ತಿರ ಎಡಕ್ಕೆ ತಿರುಗಿ, ತೀರ್ಪುಗಾರರ ಮುಂದೆ ಹಾದು ಸೆಲ್ಯೂಟ್ ಕೊಡುವುದು.

ಎರಡನೇ ಬಾವುಟದ ಹತ್ತಿರ ತಂಗಿಯ ಕೋಲು ಎಡಕ್ಕೆ ವಾಲಿತು. ನನ್ನ ಡ್ರಮ್ಮಿನಿಂದ ರೋಲ್ ಬರಲಿಲ್ಲ.

ಯಾಕೆ ಬರಲಿಲ್ಲ? ಮೊದಲ ಡ್ರಾಫ್ಟಿನಲ್ಲಿ ಡ್ರಮ್ಮಿನ ಪಟ್ಟಿ ಹರಿಯಿತು.

"ಪಟ್ಟಿ ಹರೀಲಿಲ್ವಲ್ಲ ಅಕ್ಕಾ," ಎಂದಳು ಫೋನಿನಲ್ಲಿ. "ಹೊಸದು ಅದು. ಅಮ್ಮ ಎರಡೆರಡು ಹೊಲಿಗೆ ಹಾಕಿದ್ಲು."

ಎರಡನೇ ಡ್ರಾಫ್ಟಿನಲ್ಲಿ ಬಿಸಿಲು ಕಣ್ಣಿಗೆ ಹೊಡೆದು ಕೋಲು ಕಾಣಲಿಲ್ಲ.

"ಬಿಸಿಲು ನಮ್ಮ ಬೆನ್ನಿಗಿತ್ತು. ನನ್ನ ನೆರಳನ್ನ ನಾನೇ ತುಳ್ಕೊಂಡು ಹೋಗ್ತಿದ್ದೆ, ಚೆನ್ನಾಗಿ ನೆನಪಿದೆ."

ಮೂರನೇ ಡ್ರಾಫ್ಟಿನಲ್ಲಿ ಲೀಡರೇ ಕೋಲನ್ನು ತಡವಾಗಿ ಎತ್ತಿದಳು. ಫೋನಿನ ಆ ಕಡೆ ಆಸ್ಪತ್ರೆಯ ಯಾವುದೋ ಯಂತ್ರ ಬೀಪ್ ಬೀಪ್ ಎನ್ನುತ್ತಿತ್ತು.

"ಹ್ಞೂಂ, ಹಾಗೂ ಇಟ್ಕೋಬಹುದು," ಎಂದಳು. "ಆದ್ರೆ ಕಥೆ ಚಪ್ಪೆ ಆಯ್ತು."

೬

ಪಟ್ಟಿ ಗಟ್ಟಿಯಾಗಿತ್ತು. ಬಿಸಿಲು ಬೆನ್ನಿಗಿತ್ತು. ಕೋಲು ಸರಿಯಾದ ಹೊತ್ತಿಗೆ, ಸರಿಯಾದ ಎತ್ತರಕ್ಕೆ ಎದ್ದು, ಎಡಕ್ಕೆ ವಾಲಿತು. ನಾನು ನೋಡಿದೆ. ರೋಲ್ ಆಗಲೇ ನನ್ನ ಮಣಿಕಟ್ಟಿಗೆ ಇಳಿದಿತ್ತು. ನಾನು ಅದನ್ನು ಹಿಡಿದಿಟ್ಟುಕೊಂಡು, ನೇರ ನಡೆಯುವ ತಾಳವನ್ನೇ ಬಾರಿಸಿದೆ.

ಮುಂಚೆಯೇ ಯೋಚಿಸಿದ್ದೆನೇ? ಇಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ. ಹೌದು ಎಂದು ಬರೆದೂ ಹೊಡೆದುಹಾಕಿದ್ದೇನೆ. ಪಕ್ಕದಲ್ಲಿದ್ದ ಟ್ರಂಪೆಟ್ ಹುಡುಗ ಕೋಲು ಕಂಡು ನನ್ನ ಕಡೆ ಕಣ್ಣು ಹೊರಳಿಸಿದ. ನಾನು ಮುಂದೆ ನೋಡಿದೆ. ಮೇಷ್ಟ್ರು ಕಲಿಸಿದಂತೆ ರೋಲ್ ಕೇಳದೆ ಯಾರೂ ತಿರುಗಲಿಲ್ಲ. ಇಡೀ ಬ್ಯಾಂಡ್ ನನ್ನ ಹಿಂದೆ ನೇರ ಬಂತು, ಮತ್ತು ಆ ಕೆಲವು ಹೆಜ್ಜೆಗಳಲ್ಲಿ ನನಗೆ ಆದದ್ದು ಭಯವಲ್ಲ, ನಾಚಿಕೆಯಲ್ಲ. ಖುಷಿ. ಅದರಷ್ಟು ಶುದ್ಧವಾದ ಖುಷಿ ನನಗೆ ಮದುವೆಯ ದಿನವೂ ಆಗಿಲ್ಲ.

೭

ತಂಗಿ ಒಬ್ಬಳೇ ಎಡಕ್ಕೆ ತಿರುಗಿದಳು. ಹಿಂದೆ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ನಾಲ್ಕು ಹೆಜ್ಜೆಯಾದ ಮೇಲೆ ಸದ್ದು ದೂರವಾಗುತ್ತಿರುವುದು ಅವಳಿಗೆ ಕೇಳಿಸಿರಲೇಬೇಕು. ಆದರೂ ತಿರುಗಲಿಲ್ಲ. ಗ್ಯಾಲರಿಯಲ್ಲಿ ಮೊದಲು ಒಬ್ಬರು ನಕ್ಕರು, ಆಮೇಲೆ ಒಂದು ಸಾಲು, ಆಮೇಲೆ ಎಲ್ಲರೂ. ಕೆಂಪು ಕೋಟಿನ ಹದಿಮೂರರ ಹುಡುಗಿ ಕೋಲನ್ನು ಏರಿಸುತ್ತ ಇಳಿಸುತ್ತ ಖಾಲಿ ಮೈದಾನದಲ್ಲಿ ನಡೆದುಹೋದಳು. ತೀರ್ಪುಗಾರರ ಮುಂದೆ ಕೋಲು ಎದೆಗೊತ್ತಿ ಸೆಲ್ಯೂಟ್ ಕೊಟ್ಟಳು. ಅವರಲ್ಲೊಬ್ಬರು ಎದ್ದು ನಿಂತು ಸೆಲ್ಯೂಟ್ ಮರಳಿಸಿದರು.

ಇತ್ತ ನಾವು ಕಬ್ಬಿಣದ ಬೇಲಿಗೆ ಹೋಗಿ ಮುಟ್ಟಿದೆವು. ಎಲ್ಲರೂ ನಿಂತಲ್ಲೇ ಹೆಜ್ಜೆ ಹಾಕತೊಡಗಿದರು. ಈಗ ನನ್ನನ್ನು ನೋಡುತ್ತಾರೆ ಎಂದುಕೊಂಡೆ. ನಾನು ರೋಲ್ ಕೊಟ್ಟೆ. ರೋಲ್ ತಿರುಗು ಎನ್ನುತ್ತದೆ, ಯಾವ ಕಡೆಗೆ ಎನ್ನುವುದಿಲ್ಲ. ಅರ್ಧ ಬ್ಯಾಂಡ್ ಎಡಕ್ಕೆ ತಿರುಗಿತು, ಅರ್ಧ ಬಲಕ್ಕೆ. ದೊಡ್ಡ ಡ್ರಮ್ಮಿನವನು ಇಬ್ಬರು ಕೊಳಲಿನವರಿಗೆ ಡಿಕ್ಕಿ ಹೊಡೆದ. ಪುಟ್ಟ ಕ್ಲಾರಿನೆಟ್ ಹುಡುಗಿ ಅಳತೊಡಗಿದಳು. ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕತ್ತೂ ಮೈದಾನದ ಆ ಬದಿಗೆ, ಅವಳ ಕಡೆಗೆ ಹೊರಳಿತ್ತು.

ಅವಳು ಇಡೀ ಸುತ್ತು ಮುಗಿಸಿಕೊಂಡು ನಮ್ಮ ಮುಂದೆ ಬಂದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ. ಕೋಲು ಎತ್ತಿ ನನ್ನನ್ನು ನೋಡಿದಳು. ನನ್ನನ್ನು ಮಾತ್ರ. ಕೋಲು ಬಲಕ್ಕೆ ವಾಲಿತು. ನನ್ನ ಕೈ ರೋಲ್ ಕೊಟ್ಟಿತು. ಬ್ಯಾಂಡ್ ಅವಳ ಹಿಂದೆ ಹೊರಗೆ ನಡೆಯಿತು.

೮

ನಮಗೆ ಹನ್ನೆರಡನೇ ಸ್ಥಾನ. ಗ್ಯಾಲರಿಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕ, ಮೇಷ್ಟ್ರು ಎಲ್ಲರನ್ನೂ ನಿಲ್ಲಿಸಿ ಏನಾಯಿತು ಎಂದು ಕೇಳಿದರು. ಟ್ರಂಪೆಟ್ ಹುಡುಗ ತನ್ನ ಶೂ ನೋಡುತ್ತಿದ್ದ.

"ನಂದೇ ತಪ್ಪು ಸರ್," ಎಂದಳು ತಂಗಿ. "ಕೋಲು ಲೇಟಾಗಿ ಎತ್ತಿದೆ. ಅಕ್ಕಂಗೆ ಕಂಡಿರಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಹೌದು ಸರ್."

ಎರಡೇ ಪದ. ನಾನು ಇಷ್ಟು ವರ್ಷ ಬರೆದ ಯಾವ ಪುಸ್ತಕವೂ ಆ ಎರಡು ಪದದಷ್ಟು ಕೆಲಸ ಮಾಡಿಲ್ಲ. ಮುಂದಿನ ವಾರ ಕೋಲು ನನ್ನ ಕೈಗೆ ಬಂತು.

೯

ಅಮ್ಮ ಕೆಂಪು ಕೋಟಿನ ಹೊಲಿಗೆ ಬಿಚ್ಚಿ ನನ್ನ ಭುಜಕ್ಕೆ ಅಗಲ ಮಾಡಿದಳು. ಆಗ ದಾರ ಪೋಣಿಸಿ ಕೊಟ್ಟವಳು ತಂಗಿ. ನಾನು ಮೂರು ತಿಂಗಳು ಲೀಡರ್ ಆಗಿದ್ದೆ. ಶಾಲೆಯ ವಾರ್ಷಿಕೋತ್ಸವದ ದಿನ ಇಡೀ ಊರಿನ ಮುಂದೆ ಬ್ಯಾಂಡ್ ನಡೆಸಿದೆ. ಚೆನ್ನಾಗಿಯೇ ನಡೆಸಿದೆ ಎಂದರು.

ನಡುವೆ ಒಮ್ಮೆ ತಿರುಗಿ ನೋಡಿದೆ. ಕೊನೆಯ ಸಾಲಿನಲ್ಲಿ ತಂಗಿ ಸಿಂಬಲ್ಸ್ ಎತ್ತಿ ಬಡಿಯುತ್ತ, ಪಕ್ಕದವಳಿಗೆ ಏನೋ ಹೇಳಿ ನಗುತ್ತಿದ್ದಳು. ನನಗೆ ತೋರಿಸಲೆಂದು ನಕ್ಕದ್ದಲ್ಲ, ನಾನು ನೋಡಿದ್ದು ಅವಳಿಗೆ ಗೊತ್ತೇ ಇಲ್ಲ. ಅವಳು ಅಲ್ಲಿಯೂ ಸುಖವಾಗಿದ್ದಳು. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

೧೦

ಓದುಗರೇ, ಇಲ್ಲಿಗೆ ಒಂದು ಕೊನೆ ಬೇಕಲ್ಲವೇ? ಎರಡು ಇಟ್ಟುಕೊಂಡಿದ್ದೇನೆ.

ಒಂದು: ಅವಳಿಗೆ ಅಂದೇ ಎಲ್ಲ ಗೊತ್ತಿತ್ತು, ಗೊತ್ತಿದ್ದೇ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡಳು. ಹಾಗಿದ್ದರೆ ಅವಳು ನನಗಿಂತ ದೊಡ್ಡವಳು. ಇನ್ನೊಂದು: ಅವಳಿಗೆ ಗೊತ್ತೇ ಇರಲಿಲ್ಲ, ಕೋಲು ತಡವಾಯಿತೆಂದು ನಿಜವಾಗಿಯೂ ನಂಬಿದಳು. ಅಕ್ಕ ಹಾಗೆ ಮಾಡಬಹುದೆಂಬ ಯೋಚನೆಯೂ ಅವಳ ತಲೆಗೆ ಬರಲಿಲ್ಲ. ಹಾಗಿದ್ದರೂ ಅವಳೇ ದೊಡ್ಡವಳು. ನನಗೆ ಮೊದಲ ಸ್ಥಾನ ಸಿಗುವ ಒಂದು ಕೊನೆಯನ್ನು ಹುಡುಕಿ ಸಾಕಾಗಿದೆ. ನಿಮಗೆ ಹೊಳೆದರೆ ಬರೆದುಕೊಳ್ಳಿ.

ಇವತ್ತು ಭಾನುವಾರ. ತಂಗಿ ಊಟಕ್ಕೆ ಬಂದಿದ್ದಾಳೆ. ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಒರಗಿಕೊಂಡು ಈ ಕಥೆ ಓದುತ್ತಿದ್ದಾಳೆ. ಒಂದೊಂದು ಭಾಗಕ್ಕೆ ಒಂದೊಂದು ಹಾಳೆ. ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು ಈ ಹತ್ತನೆಯದನ್ನು ಬರೆಯುತ್ತಿದ್ದೇನೆ. ಎರಡನೆಯದಕ್ಕೆ ನಕ್ಕಳು. ಮೂರನೆಯದರಲ್ಲಿ, "ಇಪ್ಪತ್ತಮೂರಾ? ಎಣಿಸ್ತಿದ್ಯಾ?" ಎಂದು ಕೂಗಿ ಕೇಳಿದಳು. ಆಮೇಲೆ ಹಾಳೆ ಮಗುಚಿದ ಸದ್ದು. ಮತ್ತೆ ಹಾಳೆ ಮಗುಚಿದ ಸದ್ದು.

"ಅಕ್ಕಾ, ಐದಾದ್ಮೇಲೆ ಏಳಿದೆ. ಆರೆಲ್ಲಿ?"

"ಅಲ್ಲೇ ಇರ್ಬೇಕು ನೋಡೇ."

"ಇಲ್ಲ ಇಲ್ಲಿ."

ಆರು ನನ್ನ ಮೊಣಕೈ ಕೆಳಗಿದೆ. ನೀವು ಅದನ್ನು ಓದಿದ್ದೀರಿ. ಅವಳು ಓದಿಲ್ಲ. ಅದಿಲ್ಲದೆಯೂ ಕಥೆ ಅರ್ಥವಾಗುತ್ತದೆಯೇ ಎಂದು ಬೆಳಗ್ಗೆ ಓದಿ ನೋಡಿದ್ದೆ. ಆಗುತ್ತದೆ. ಸ್ವಲ್ಪ ಚಪ್ಪೆಯಾಗುತ್ತದೆ, ಅಷ್ಟೆ.

ಮಂಚ ಕಿರುಗುಟ್ಟಿತು. ಈಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ವಾರ್ಡಿನಲ್ಲಿ ಹಟ ಹಿಡಿದ ರೋಗಿಯ ಮುಂದೆ ನಿಲ್ಲುವಂತೆ, ಕೈ ಚಾಚಿಕೊಂಡು, ಆತುರವಿಲ್ಲದೆ ಕಾಯುತ್ತಿದ್ದಾಳೆ. ನಾನು ಬರೆಯುವುದನ್ನು ನಿಲ್ಲಿಸಿದರೆ ಮೊಣಕೈ ಎತ್ತಬೇಕಾಗುತ್ತದೆ. ಆದ್ದರಿಂದ ಇನ್ನೊಂದು ಸಾಲು ಬರೆಯುತ್ತೇನೆ, ಅದಾದ ಮೇಲೆ ಇನ್ನೊಂದು,