ರೊಟ್ಟಿ ಮಷಿನ್ನಿನ ಹಣೆ

ನ್ಯಾಮತಿಯ ಕೊಟ್ರಮ್ಮ ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ನಿಂತು ಬಂದ ಕೆಲಸ ಹೇಳುವವಳಲ್ಲ. ಮೊದಲು ಮಳೆ ಬೆಳೆ, ಆಮೇಲೆ ಮಕ್ಕಳು ಮರಿ, ಅದಾದಮೇಲೆ ಅರ್ಧ ಲೋಟ ಚಹಾ. ಮನೆಯವರೇ "ಏನ್ ಬಂದ್ರಿ?" ಎಂದು ಕೇಳಿದ ಮೇಲಷ್ಟೇ ವಿಷಯ. ಮರ್ಯಾದಸ್ಥರ ಲಕ್ಷಣ ಅದು. ಅಲ್ಲ ಎನ್ನುವವರು ಯಾರು?

ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಅವಳ ರೊಟ್ಟಿ ಮಷಿನ್ನು ಮುಷ್ಕರ ಹೂಡಿತು. ಸವಳಂಗದಲ್ಲಿ ರೈತರ ಸಭೆ. ಮಧ್ಯಾಹ್ನದ ಊಟಕ್ಕೆ ಮುನ್ನೂರು ರೊಟ್ಟಿ ಹೋಗಬೇಕು. ಹಿಟ್ಟು ನಾದಿಟ್ಟಾಗಿತ್ತು. ಮಷಿನ್ನಿನ ಪುಟ್ಟ ಪರದೆಯ ಮೇಲೆ ಮಾತ್ರ ‘ಇ-4’ ಎಂದು ಕೆಂಪಗೆ ಮಿನುಗುತ್ತಿತ್ತು. ಗುಂಡಿ ಒತ್ತಿದರೂ ಅದೇ, ಕರೆಂಟು ತೆಗೆದು ಹಾಕಿದರೂ ಅದೇ. ಮಾರಿದವನು ಫೋನು ಎತ್ತಲಿಲ್ಲ. ಸಾಲದ್ದಕ್ಕೆ ಇದು ಅವಳಿಗೆ ಸಿಕ್ಕ ಮೊದಲ ದೊಡ್ಡ ಆರ್ಡರು. ಇವತ್ತು ಮಾತು ತಪ್ಪಿದರೆ ಆ ಕಡೆಯವರು ಇನ್ನೊಮ್ಮೆ ಕರೆಯುವುದಿಲ್ಲ.

ಫೋನಿನಲ್ಲಿ ರೊಟ್ಟಿ ಮಷಿನ್ ಮಾಲೀಕರ ಗ್ರೂಪು ಇತ್ತು. ಕೊಟ್ರಮ್ಮ ಬರೆದಳು: "ನಮಸ್ಕಾರ್ರಿ. ಎಲ್ಲಾರೂ ಆರಾಮಾ? ನಾಷ್ಟಾ ಆತಾ?"

ಬರೆದು ಕಾದಳು. ಯಾರೋ ಒಬ್ಬರು ಹೆಬ್ಬೆರಳು ತೋರಿಸಿದರು.

"ಒಂದು ಸಹಾಯ ಬೇಕಿತ್ರಿ. ಕೇಳಬಹುದಾ?"

ಈ ಸಲ ಹೆಬ್ಬೆರಳೂ ಇಲ್ಲ. ಬಾಗಿಲಿಗೆ ಬಂದವರನ್ನು ಬಾ ಎನ್ನದ ಇದೆಂಥ ಜನವಪ್ಪಾ ಎಂದು ಅವಳಿಗೆ ಬೇಸರವಾಯಿತು. ಗ್ರೂಪಿನ ಹಳೆಯ ಮಾತುಗಳಲ್ಲಿ ತಾನೇ ‘ಇ-4’ ಹುಡುಕಿದಳು. ಸಿಕ್ಕಿತು! ಹೋದ ವರ್ಷ ಜಗಳೂರಿನ ಓಬಳಪ್ಪ ಎಂಬಾತ ಇದನ್ನೇ ಕೇಳಿದ್ದ. ಅದರ ಕೆಳಗೆ, ಸಂಜೆ, ಅವನದೇ ಉತ್ತರ: "ಸರಿಹೋಯ್ತು. ಧನ್ಯವಾದ."

ಹೇಗೆ ಸರಿಹೋಯಿತು? ಅದೊಂದನ್ನು ಬಿಟ್ಟು ಎಲ್ಲ ಬರೆದಿದ್ದ ಪುಣ್ಯಾತ್ಮ. "ತಾನು ದಾಟಿ ಹಿಂದ್ಲೋರಿಗೆ ಬೇಲಿ ಹಾಕ್ಕೊಂಡು ಹೋದ್ನಲ್ಲಪ್ಪಾ ಇವ್ನು!" ಎಂದು ಕೊಟ್ರಮ್ಮ ಆ ಕಾಣದ ಓಬಳಪ್ಪನನ್ನು ಮನಸಾರೆ ಬೈದಳು.

ಅಷ್ಟರಲ್ಲಿ ಗ್ರೂಪು ನಡೆಸುವ ಚನ್ನಗಿರಿಯ ರುದ್ರಾಣಿ ಬರೆದಳು: "ಅಕ್ಕಾ, ಕೇಳಾಕೆ ಅಪ್ಪಣೆ ಬ್ಯಾಡ. ಎಲ್ಲಾರೂ ಒಲೆ ಮುಂದೆ ಇರ್ತಾರೆ, ವಿಷಯ ಕಂಡ್ರೆ ತಾನೇ ಉತ್ತರ ಕೊಡೋದು? ಯಾವ ಮಷಿನ್, ಏನ್ ತೋರಿಸ್ತೈತೆ, ನೀವು ಏನೇನ್ ಮಾಡಿ ನೋಡಿದ್ರಿ, ಒಂದೇ ಸಲ ಬರೀರಿ. ಕೊನೇ ಸಲ ಚೆನ್ನಾಗಿ ಓಡಿದ್ ಮೇಲೆ, ಕೆಡೋಕ್ ಮುಂಚೆ, ಮಷಿನ್ನಿಗೆ ಏನ್ ಮಾಡಿದ್ರಿ ಅನ್ನೋದನ್ನೂ ಹೇಳ್ರಿ. ಮುಂದ್ಲಿಂದ ಒಂದು ಫೋಟೋ ಹಾಕ್ರಿ."

ಕೊಟ್ರಮ್ಮ ಎಲ್ಲ ಬರೆದಳು. ಕೊನೆಯ ಪ್ರಶ್ನೆಗೆ "ಏನೂ ಮಾಡಿಲ್ಲ" ಎಂದಳು. ಕೇಳಿದರೆ ಎಲ್ಲರೂ ಹೇಳುವುದು ಅದನ್ನೇ.

ಫೋಟೋ ತೆಗೆಯಲು ಫೋನು ಹಿಡಿದಾಗ ಮಷಿನ್ನಿನ ಮೈಮೇಲೆ ಮೂರು ಬಿಳಿ ಗೆರೆ ಕಂಡವು. ಅಯ್ಯೋ ಶಿವನೇ! ನಿನ್ನೆ ಅಮಾವಾಸ್ಯೆ ಪೂಜೆ ಮಾಡಿ, ಹೂವೇರಿಸಿ, ಮೂರು ಬೆರಳಲ್ಲಿ ಗಟ್ಟಿಯಾಗಿ ವಿಭೂತಿ ಎಳೆದಿದ್ದಳು. ಮಷಿನ್ನಿಗೆ ಹಣೆ ಎಲ್ಲಿರುತ್ತದೆ? ಹಿಟ್ಟಿನ ಉಂಡೆ ಬರುವ ಜಾಗದ ಮೇಲಿನ ಗುಂಡು ಗಾಜೇ ಅವಳಿಗೆ ಹಣೆಯಾಗಿ ಕಂಡಿತ್ತು. ಉಂಡೆ ಬಂತೋ ಇಲ್ಲವೋ ಎಂದು ಮಷಿನ್ನು ನೋಡುವ ಕಣ್ಣು ಅದು ಎಂದು ಮಾರಿದವನು ಮೊದಲ ದಿನವೇ ಹೇಳಿದ್ದ.

ಸೆರಗಿನಿಂದ ಒರೆಸಿದಳು. ಕೆಂಪಕ್ಷರ ಹೋಯಿತು. ಮಷಿನ್ನು ಗಡಗಡನೆ ತಿರುಗಿ, ಮೊದಲ ರೊಟ್ಟಿ ಉಬ್ಬಿಕೊಂಡು ಹೊರಬಿತ್ತು. ಕೊಟ್ರಮ್ಮನಿಗೆ ಹೋದ ಜೀವ ಬಂದಂತಾಯಿತು.

"ಫೋಟೋ ಎಲ್ಲಿ ಅಕ್ಕಾ?" ರುದ್ರಾಣಿ ಕೇಳುತ್ತಿದ್ದಳು.

ಏನೆಂದು ಹೇಳುವುದು? ದೇವರ ಹೆಸರಲ್ಲಿ ಮಷಿನ್ನಿನ ಕಣ್ಣು ಮುಚ್ಚಿದೆ ಎಂದೇ? ಇಡೀ ಗ್ರೂಪು ಬಿದ್ದು ಬಿದ್ದು ನಗುತ್ತದೆ. ನಾಚಿಕೆಯಿಂದ ಅವಳ ಬೆರಳು ತಾನಾಗಿಯೇ ಬರೆಯಿತು: "ಸರಿಹೋಯ್ತು. ಧನ್ಯವಾದ."

ಕಳಿಸುವ ಮುಂಚೆ ಆ ಎರಡು ಮಾತನ್ನು ತಾನೇ ಓದಿದಳು. ಆಗಷ್ಟೇ ಓಬಳಪ್ಪನನ್ನು ಬೈದದ್ದು ನೆನಪಾಯಿತು. ಪಕ್ಕದ ಮನೆಯವರು ಸಾರು ಕೊಟ್ಟ ಬೋಗುಣಿಯನ್ನು ಒಂದು ದಿನವೂ ಖಾಲಿ ಹಿಂದಿರುಗಿಸಿದವಳಲ್ಲ ಅವಳು. ಇಲ್ಲಿ ಮಾತ್ರ ಖಾಲಿ ಬೋಗುಣಿಯೇ?

ಬರೆದದ್ದನ್ನು ಅಳಿಸಿದಳು. ಮಷಿನ್ನು ನಿಲ್ಲಿಸಿ ಮತ್ತೆ ಗಾಜಿಗೆ ವಿಭೂತಿ ಎಳೆದಳು. ‘ಇ-4’ ಬಂದ ಮೇಲೆ ಗಾಜು, ಪರದೆ ಎರಡೂ ಕಾಣುವಂತೆ ಫೋಟೋ ತೆಗೆದು, ಒರೆಸಿ, ಮಷಿನ್ನು ಚಾಲೂ ಮಾಡಿ ಬರೆದಳು: "ಏನೂ ಮಾಡಿಲ್ಲ ಅಂದಿದ್ದು ಸುಳ್ಳು. ಪೂಜೆ ಮಾಡಿ ಇಲ್ಲಿ ವಿಭೂತಿ ಹಚ್ಚಿದ್ದೆ. ಒರೆಸಿದ್ ಮೇಲೆ ಸರಿಹೋತು. ಪೂಜೆ ಮಾಡ್ರಿ, ಆದ್ರೆ ಈ ಗಾಜಿಗೆ ಏನೂ ಹಚ್ಚಬ್ಯಾಡ್ರಿ."

ನಗುವ ಮುಖಗಳು ಸಾಲಾಗಿ ಬಂದವು. ನಡುವೆ ಜಗಳೂರಿನಿಂದ ಒಂದು ಸಾಲು: "ಅಕ್ಕಾ, ನಂದೂ ಅದೇ ಕತೆ. ಕುಂಕುಮ ಇಟ್ಟಿದ್ದೆ. ನಗ್ತಾರೆ ಅಂತ ಹೇಳ್ಲಿಲ್ಲ. ತಪ್ಪಾತು."

ಕೊಟ್ರಮ್ಮನಿಗೆ ಸಿಟ್ಟೆಲ್ಲ ಇಳಿದು ನಗು ಬಂತು. ರೊಟ್ಟಿ ಸವಳಂಗದ ಆಟೋ ಹತ್ತಿದ ಮೇಲೆ ಕೂತು ನಿಧಾನಕ್ಕೆ ಬರೆದಳು: "ಹೋಗ್ಲಿ ಬಿಡ್ರೀ ಓಬಳಪ್ಪಣ್ಣ. ಊಟ ಆತಾ?"

"ಆತಕ್ಕಾ, ನಿಮ್ದು?" ಎಂದು ಜಗಳೂರಿನಿಂದ ಬಂತು, ಚನ್ನಗಿರಿಯಿಂದ ಬಂತು, ಹೊನ್ನಾಳಿಯಿಂದ ಹೆಸರೇ ಗೊತ್ತಿಲ್ಲದ ಯಾರಿಂದಲೋ ಬಂತು.